ಕೊಸರಿನ ಸೀಸೆ

ನಮ್ಮ ಪಾತ್ರೆ ಅಂಗಡಿಗೆ ಬಂದು ಕೊಸರು ಕೇಳದೆ ಹೋದ ಹೆಂಗಸರು ಬಹಳ ಕಡಿಮೆ. ದೊಡ್ಡ ಕುಕ್ಕರ್ ತಗೊಂಡಿರಲಿ, ಮದುವೆ ಮನೆಯ ಕೊಳಗ ತಗೊಂಡಿರಲಿ, ಕೊನೆಗೆ ಚೀಲ ಎತ್ತುವ ಮೊದಲು ಒಂದು ಗಳಿಗೆ ನಿಂತು, "ಮತ್ತೆ ಕೊಸರಿಗೆ ಏನು ಕೊಡ್ತೀರಿ?" ಅಂತ ಕೇಳಿಯೇ ಕೇಳುತ್ತಾರೆ. ಅದಕ್ಕಂತಲೇ ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಬುಟ್ಟಿ ಇಟ್ಟಿದ್ದೇನೆ. ಚಮಚ, ಸಣ್ಣ ತಟ್ಟೆ, ಟೀ ಸೋಸುವ ಜಾಲರಿ. ಅಂಚು ಸೊಟ್ಟಗಾದದ್ದು, ಪಾಲಿಶ್ ಸರಿಯಾಗಿ ಕೂರದ್ದು, ಜೋಡಿ ತಪ್ಪಿದ್ದು ಆ ಬುಟ್ಟಿಗೆ ಹೋಗುತ್ತದೆ. ಬೆಲೆಗೆ ಮಾರಲಾಗದ್ದನ್ನು ಕೊಸರಿಗೆ ಕೊಡುವುದು. ತಗೊಂಡವರಿಗೂ ಖುಷಿ, ಕೊಟ್ಟವರಿಗೂ ಹಗುರ. ಇಷ್ಟು ವರ್ಷ ಇದೇ ಕೆಲಸ ಮಾಡಿಕೊಂಡು ಬಂದವಳಿಗೆ ಕೊಸರು ಅಂದರೆ ಏನು ಅಂತ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಹಾಗಾಗಿ, ಮುಂದೆ ಬರೆಯುವುದಕ್ಕೆ "ಗೊತ್ತಿರಲಿಲ್ಲ" ಅನ್ನುವ ನೆಪ ನನಗಿಲ್ಲ.

ನಾನು ಹುಟ್ಟಿದ್ದು ತಾಳಗುಂದದಲ್ಲಿ, ಅಂಗಡಿ ಇಟ್ಟದ್ದು ಶಿಕಾರಿಪುರದಲ್ಲಿ. ನಡುವೆ ಹತ್ತು ಹನ್ನೆರಡು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಊರೂರು ತಿರುಗಿದ್ದೇನೆ. ಹಳೇ ಸೀರೆ ಕೊಟ್ಟರೆ ಸ್ಟೀಲ್ ಪಾತ್ರೆ. ಮೊದಲ ದಿನ ಬಸ್ಸು ಹತ್ತಿದ್ದು ಸೊರಬದ ಕಡೆಗೆ, ಉಳವಿಗೆ. ನಮ್ಮ ಕಡೆ ಕೂಗಿಕೊಂಡು ಹೋಗಲು ನಾಚಿಕೆ, ಗುರುತಿನವರು ನೋಡಿಯಾರು ಅಂತ. ಉಳವಿಯಲ್ಲಾದರೆ ಅಕ್ಕನ ಮನೆ ಇತ್ತು. ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಅವಳ ಮನೆ ಮುಂದೆ ಹೋಗಿ ಸುಮ್ಮನೆ ನಿಂತೆ. ಒಳಗಿಂದಲೇ ಅಂದಳು:

"ಕೂಗೇ ಮಾರಾಯ್ತಿ. ಸುಮ್ನೆ ನಿಂತ್ಕಂಡ್ರೆ ಒಳಗಿದ್ದೋರಿಗೆ ಪಾತ್ರೆಯೋಳು ಬಂದಾಳೆ ಅಂತ ಹ್ಯಾಂಗೆ ತಿಳೀಬೇಕು?"

ಕೂಗಿದೆ. ಧ್ವನಿ ಬರಲಿಲ್ಲ. "ಇನ್ನೂ ಜೋರು" ಅಂದಳು. ಮೂರನೇ ಸಲ ಕೂಗಿದಾಗ ಎದುರು ಮನೆಯ ನಾಯಿ ಬೊಗಳಿತು. ಆಗ ಹೊರಗೆ ಬಂದಳು, ಕೈಯಲ್ಲಿ ಅವಳ ಜರಿ ಸೀರೆ. "ತಗೋ, ನಂದೇ ಬೋಣಿ." ಆ ಜರಿ ಎಷ್ಟು ಬಾಳುತ್ತದೆ ಅಂತ ನನಗೆ ಆಗಲೇ ಕಣ್ಣಂದಾಜು ಇತ್ತು. ಆದರೂ ಕೊಟ್ಟದ್ದು ಒಂದು ಮಧ್ಯಮ ಗಾತ್ರದ ಡಬರಿ. "ಕೊಸರು?" ಅಂದಳು ನಗುತ್ತಾ. ಬುಟ್ಟಿಯ ತಳದಿಂದ ಒಂದು ಚಮಚ ತೆಗೆದುಕೊಟ್ಟೆ. ಅದರ ಹಿಡಿ ಸೊಟ್ಟಗಿತ್ತು. ತಿರುಗಿಸಿ ನೋಡಿದಳು. "ಅಕ್ಕಂಗೂ ಸೊಟ್ಟ ಚಮಚ ಕೊಟ್ಯಲ್ಲೇ ಕಳ್ಳಿ! ನೀ ಬದುಕ್ತೀಯ ಬಿಡು." ಇವತ್ತಿಗೂ ಅವಳ ಉಪ್ಪಿನ ಡಬ್ಬಿಯಲ್ಲಿ ಅದೇ ಚಮಚ ಇದೆ.

ಅಕ್ಕ ಶಾಲೆಯ ಬಿಸಿಯೂಟದ ಅಡುಗೆಯವಳು. ಭಾವ ಲಾರಿಯ ಮೇಲೆ ಇರುವವರು, ವಾರಕ್ಕೊಮ್ಮೆ ಮನೆ. ಎರಡು ವರ್ಷದಿಂದ ಅಕ್ಕನಿಗೆ ನಿದ್ದೆ ಬಿಟ್ಟುಹೋಗಿತ್ತು. ಸಕ್ಕರೆ ಕಾಯಿಲೆ ಮೊದಲೇ ಇತ್ತು, ದಿನಾ ಹೊಟ್ಟೆಗೆ ತಾನೇ ಇನ್ಸುಲಿನ್ ಚುಚ್ಚಿಕೊಳ್ಳುತ್ತಾಳೆ. ನಿದ್ದೆಯಿಲ್ಲದೆ ಹಗಲು ಒಲೆಯ ಮುಂದೆ ತೂಕಡಿಕೆ. ಒಂದು ದಿನ ಸಾಂಬಾರಿನ ಕೊಳಗದ ಅಂಚಿಗೆ ಮೊಣಕೈ ಒರಗಿಸಿ ಅಷ್ಟುದ್ದ ಸುಟ್ಟುಕೊಂಡಳು. ಶಾಲೆಯವರು, "ಇನ್ನೊಂದ್ಸಲ ಹಿಂಗಾದ್ರೆ ಬ್ಯಾರೆಯವರನ್ನ ನೋಡ್ಬೇಕಾಗ್ತದೆ, ಮಕ್ಕಳು ಓಡಾಡೋ ಜಾಗ" ಅಂದಿದ್ದರಂತೆ. ಆ ಕೆಲಸ ಅಂದರೆ ಅಕ್ಕನಿಗೆ ಜೀವ. ಮುನ್ನೂರು ಮಕ್ಕಳು "ಅಜ್ಜೀ ಇನ್ನೊಂದ್ಸೌಟು" ಅನ್ನುವುದನ್ನು ಬಿಟ್ಟು ಮನೆಯಲ್ಲಿ ಕೂತರೆ ಅವಳು ಅವಳಾಗಿ ಉಳಿಯುವುದಿಲ್ಲ.

ನಿದ್ದೆ ನನಗೂ ಇರಲಿಲ್ಲ. ಅಂಗಡಿ ದೊಡ್ಡದು ಮಾಡಿದ ಮೇಲೆ ತಲೆಯೊಳಗೂ ಪಾತ್ರೆ ಜೋಡಿಸುವ ಸದ್ದು ನಿಲ್ಲುತ್ತಿರಲಿಲ್ಲ. ಗಸಗಸೆ ಹಾಲು, ತಲೆಗೆ ಹರಳೆಣ್ಣೆ, ಮೊಬೈಲಿನಲ್ಲಿ ಹೇಳಿಕೊಡುವ ಉಸಿರಾಟ ಎಲ್ಲ ನೋಡಿ ಮುಗಿದಿತ್ತು. ಬಂದವರಿಗೆಲ್ಲ ಒಂದೊಂದು ಸಲಹೆ ಕೊಡುವವಳು ನಾನು. ಮಗಳಿಗೆ ಯಾವ ಕಾಲೇಜು, ಸೊಂಟ ನೋವಿಗೆ ಯಾವ ಎಣ್ಣೆ, ಅತ್ತೆಯ ಹತ್ತಿರ ಯಾವ ಮಾತು ಎತ್ತಬಾರದು. ಅಂಥವಳಿಗೆ ನನ್ನ ನಿದ್ದೆಗೆ ಒಂದು ದಾರಿ ತೋರದೆ ಹೋದದ್ದು ಒಳಗೊಳಗೇ ಅವಮಾನ ಆಗಿತ್ತು.

ಆ ಹೊತ್ತಿಗೆ ಅಂಗಡಿಗೆ ಬಂದವನು ಜಿಮ್ಮಿನವನು. ನಮ್ಮ ಬೀದಿಯ ಕೊನೆಯಲ್ಲಿ ಹೊಸದಾಗಿ ಜಿಮ್ ಇಟ್ಟಿದ್ದ. ನೀರಿನ ಸ್ಟೀಲ್ ಡ್ರಮ್ಮು ಬೇಕಿತ್ತು. ನನ್ನ ಕಣ್ಣ ಕೆಳಗಿನ ಕಪ್ಪು ನೋಡಿ, "ಅಕ್ಕಾರೆ, ನಿದ್ದಿ ಮಾಡಂಗಿಲ್ಲೇನು?" ಅಂದ. ಮರುದಿನ ಒಂದು ಥರ್ಮಾಕೋಲ್ ಪೆಟ್ಟಿಗೆ ಹಿಡಿದುಕೊಂಡು ಬಂದ. ಒಳಗೆ ಐಸಿನ ಮೇಲೆ ಕಿರುಬೆರಳುದ್ದದ ಸೀಸೆಗಳು, ತಳದಲ್ಲಿ ಚೂರು ಬಿಳಿ ಪುಡಿ.

"ಇದು ನಿದ್ದಿ ಪೆಪ್ಟೈಡ್ ರೀ. ನಿದ್ದಿಗೆ, ಟೆನ್ಶನ್ನಿಗೆ. ಫಾರಿನ್ ಲ್ಯಾಬಿನಾಗ ರಿಸರ್ಚ್ ನಡದೈತಿ. ಮೊದಲು ಮೊಲದ ರಕ್ತದಾಗ ಸಿಕ್ಕಿದ್ದು. ಮೊಲಕ್ಕ ನಿದ್ದಿ ಬರಿಸಿ, ಆ ನಿದ್ದಿ ಎಲ್ಲೈತಿ ಅಂತ ಹುಡುಕ್ಯಾರ. ಈಗ ಲ್ಯಾಬಿನಾಗೇ ಮಾಡ್ತಾರ."

"ಮೊಲ ನಿದ್ದೆ ಮಾಡಿದ್ರೆ ನಂಗೇನು ಬಂತಪ್ಪಾ? ನಾನೇನು ಕ್ಯಾರೆಟ್ ತಿಂದ್ಕೊಂಡಿರ್ತೀನಾ?"

ನಕ್ಕ. ನಾನು ಸೀಸೆ ಎತ್ತಿ ಬೆಳಕಿಗೆ ಹಿಡಿದೆ. ಇಂಗ್ಲಿಷಿನಲ್ಲಿ ಸಣ್ಣ ಅಕ್ಷರ: ರಿಸರ್ಚ್ ಯೂಸ್ ಓನ್ಲಿ, ನಾಟ್ ಫಾರ್ ಹ್ಯೂಮನ್ ಯೂಸ್. ಅಷ್ಟು ಓದಲು ನನಗೆ ಬರುತ್ತದೆ.

"ಇದೇನು, ಮನುಷ್ಯರಿಗಲ್ಲ ಅಂತೈತಲ್ಲ?"

"ಅದು ಸುಮ್ನ ರೀ ಅಕ್ಕಾರೆ. ಟ್ಯಾಕ್ಸು, ಲೈಸೆನ್ಸು, ಅದರ ಸಲುವಾಗಿ ಬರೀತಾರ."

ನಂಬಿದೆ. ಯಾಕೆ ನಂಬಿದೆ ಅಂತ ಕೇಳಿ. ನನ್ನ ಅಂಗಡಿಯ ಅರ್ಧ ತಟ್ಟೆಗಳ ಮೇಲೆ "ಎಕ್ಸ್‌ಪೋರ್ಟ್ ಕ್ವಾಲಿಟಿ" ಅಂತ ಚೀಟಿ ಇರುತ್ತದೆ. ಆ ಚೀಟಿಯ ಸುರುಳಿ ತರಿಸಿ, ಮಧ್ಯಾಹ್ನ ಗಿರಾಕಿ ಇಲ್ಲದಾಗ ಕೂತು ಅಂಟಿಸುವವಳು ನಾನೇ. ಆ ತಟ್ಟೆಗಳು ಪಕ್ಕದ ಶಿರಾಳಕೊಪ್ಪ ದಾಟಿ ಹೋದದ್ದಿಲ್ಲ. ಚೀಟಿ ಅನ್ನುವುದು ಮಾರುವವರ ಅನುಕೂಲ ಅಂತ ತಿಳಿದವಳಿಗೆ ಈ ಚೀಟಿಯೂ ಹಾಗೇ ಕಂಡಿತು. ನಾನು ಅಂಟಿಸುವುದು ಸುಳ್ಳಾದ್ದರಿಂದ ಜಗತ್ತಿನ ಚೀಟಿಯೆಲ್ಲ ಸುಳ್ಳು ಅಂದುಕೊಂಡೆ. ಓದಿದವರು ಇಂಥ ತಪ್ಪು ಮಾಡಲಿಕ್ಕಿಲ್ಲ. ಓದದವರಿಗೆ ಆ ಅಕ್ಷರವೇ ಕಾಣುವುದಿಲ್ಲ. ಓದಲೂ ಬರುವ, ಅಂಟಿಸಲೂ ಬರುವ ನನ್ನಂಥವರು ಮಾಡುವ ತಪ್ಪು ಅದು.

ಚೌಕಾಸಿ ಶುರುವಾಯಿತು. ಅದರಲ್ಲಿ ನನ್ನನ್ನು ಸೋಲಿಸಿದವರಿಲ್ಲ. ಮೊದಲ ಬೆಲೆಗೆ ಮುಖ ತಿರುಗಿಸಿ ಡಬ್ಬಿ ಒರೆಸುತ್ತಾ ಕೂತೆ. ಎರಡನೇ ಬೆಲೆಗೆ, "ಇರ್ಲಿ ಬಿಡಪ್ಪ, ನಿಂದು ನಿನ್ನ ಹತ್ರ, ನನ್ನ ನಿದ್ದೆ ನನ್ನ ಹತ್ರ" ಅಂದೆ. ಮೂರನೆಯದಕ್ಕೆ ಡ್ರಮ್ಮಿನ ಬೆಲೆ ಎತ್ತಿದೆ. ಕೊನೆಗೆ ಅವನು ಕೈ ಮುಗಿದು ಒಪ್ಪಿದ. ನಾಲ್ಕು ಸೀಸೆ, ಬೆರೆಸುವ ನೀರಿನದೊಂದು ಬಾಟಲಿ. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು.

"ಕೊಸರು?" ಅಂದೆ.

"ಔಷಧಕ್ಕೂ ಕೊಸರೇನ್ರೀ ಅಕ್ಕಾರೆ! ಡಾಕ್ಟರ ಹತ್ರ ಹೋದ್ರ ಒಂದು ಸೂಜಿ ಜಾಸ್ತಿ ಚುಚ್ಚು ಅಂತೀರೇನು?"

"ನನ್ನ ಬಾಗಿಲು ದಾಟೋ ಸಾಮಾನಿಗೆಲ್ಲ ಕೊಸರು ಐತಿ. ಹೊರಗೆ ಹೋದ್ರೂ ಐತಿ, ಒಳಗೆ ಬಂದ್ರೂ ಐತಿ."

ತಲೆ ಕೆರೆದುಕೊಂಡು ಪೆಟ್ಟಿಗೆಯ ತಳದಲ್ಲಿ ಕೈಯಾಡಿಸಿ ಒಂದು ಸೀಸೆ ತೆಗೆದ. ಅದಕ್ಕೆ ಚೀಟಿ ಇರಲಿಲ್ಲ. "ಐಸಿನ ನೀರಿಗೆ ಬಿದ್ದು ಹೋಗೈತಿ, ಒಳಗಿಂದು ಅದೇ" ಅಂದ. ಉಳಿದ ನಾಲ್ಕರ ಮುಚ್ಚಳ ನೀಲಿ, ಇದರದ್ದು ಹಳದಿ. ಅದನ್ನು ನಾನು ನೋಡಿದೆ. ಪಾತ್ರೆಯನ್ನು ಬೆರಳು ಮಡಚಿ ತಟ್ಟಿದರೆ ಸದ್ದಿನಲ್ಲೇ ದಪ್ಪ ಹೇಳುವವಳಿಗೆ, ಇಪ್ಪತ್ತು ತಟ್ಟೆಯಲ್ಲಿ ಒಂದರ ಅಂಚು ಸೊಟ್ಟಗಿದ್ದರೆ ಬಾಗಿಲಿಂದಲೇ ಕಾಣುವವಳಿಗೆ ಹಳದಿ ಮುಚ್ಚಳ ಕಾಣದೆ ಇರುತ್ತದೆಯೇ? ಕಂಡಿತು. ಕೊಸರು ಇರುವುದೇ ಹಾಗೆ ಅಂತ ಇಸಕೊಂಡೆ.

ಐದೂ ಸೀಸೆ ಫ್ರಿಜ್ಜಿನಲ್ಲಿ, ಮೊಸರಿನ ಪಾತ್ರೆಯ ಹಿಂದೆ ಕೂತವು. ಮೂರು ದಿನ ದಿನಕ್ಕೆರಡು ಸಲ ಬಾಗಿಲು ತೆಗೆದು ನೋಡುವುದು, ಮುಚ್ಚುವುದು. ಚುಚ್ಚಿಸಿಕೊಳ್ಳಲು ಧೈರ್ಯ ಬರಲಿಲ್ಲ. ನಾಲ್ಕನೇ ದಿನ ಅಕ್ಕನ ನೆನಪಾಯಿತು. ಅವಳ ಮೇಲಿನ ಪ್ರೀತಿಯಿಂದಲೇ ನೆನಪಾಯಿತು ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಪ್ರೀತಿ ಇರಲಿಲ್ಲ ಅಂತಲ್ಲ. ಆದರೆ ಫ್ರಿಜ್ಜಿನಿಂದ ತೆಗೆಯುವಾಗ ಕೈ ನೀಲಿ ಮುಚ್ಚಳಗಳನ್ನು ದಾಟಿ ಹಳದಿಯ ಮೇಲೆ ಹೋಯಿತು. ಯೋಚನೆಯೇ ಮಾಡಲಿಲ್ಲ, ಕೊಸರಿನ ಬುಟ್ಟಿಗೆ ಕೈ ಹೋಗುವ ಹಾಗೆ ಹೋಯಿತು. ಆಮೇಲೆ ಏನನ್ನಿಸಿತೋ, ಒಂದು ನೀಲಿಯನ್ನೂ ಕೈಚೀಲಕ್ಕೆ ಹಾಕಿಕೊಂಡೆ. ಮೊದಲನೆಯದು ಗುಣ ಕೊಟ್ಟರೆ ಇನ್ನೊಂದನ್ನು ಕೊಡೋಣ ಅಂತ.

ಉಳವಿಗೆ ಹೋದಾಗ ಅಕ್ಕ ಶಾಲೆಯಿಂದ ಬಂದು ಕಾಲು ಚಾಚಿ ಕೂತಿದ್ದಳು. ಸುಟ್ಟ ಮೊಣಕೈಗೆ ಬಟ್ಟೆ. ಸೀಸೆ ಅವಳ ಅಂಗೈಗೆ ಇಟ್ಟೆ.

"ಎಂತದೇ ಇದು, ಇಷ್ಟೇ ಇಷ್ಟು?"

"ನಿದ್ದೆ ಔಷಧ. ಸಣ್ಣದು ಅಂತ ಸಸಾರ ಮಾಡ್ಬೇಡ, ಭಾರಿ ಬೆಲೆದು. ನಿಂಗೋಸ್ಕರ ತರಿಸಿದ್ದು."

ಎರಡೂ ಸುಳ್ಳು. ಬೆಲೆಯೂ ಇರಲಿಲ್ಲ, ಅವಳಿಗಾಗಿ ತರಿಸಿದ್ದೂ ಅಲ್ಲ.

"ನೀ ಹಾಕ್ಯಂಡ್ಯಾ?"

ಅಂಗಡಿಯಲ್ಲಿ ಗಿರಾಕಿಗಳು ದಿನಾ ಕೇಳುವ ಪ್ರಶ್ನೆ ಇದು. "ಈ ಕುಕ್ಕರ್ ನಿಮ್ಮನೇಲೂ ಐತಾ?" ಐತಿ ಅನ್ನಬೇಕು, ಆಗ ಅವರ ಕೈ ದುಡ್ಡಿನ ಚೀಲಕ್ಕೆ ಹೋಗುತ್ತದೆ. ಬಾಯಿ ತಾನಾಗಿ ಆಡಿತು: "ಹೂಂ ಮತ್ತೆ! ಮಲಗಿದ್ದೊಂದು ಗೊತ್ತು. ಎದ್ದಾಗ ಹಾಲಿನವನು ಬಂದು ಹೋಗಿದ್ದ."

ಅಕ್ಕನ ಮುಖ ಅರಳಿತು. ನನಗೆ ನಿದ್ದೆ ಬಂತಲ್ಲ ಅಂತ ಅರಳಿದ್ದು. ಅದೂ ನನಗೆ ಆಗ ತಿಳಿಯಲಿಲ್ಲ. ಜೊತೆಗೆ ತಂದಿದ್ದ ಬಾಟಲಿಯ ನೀರು ಬೆರೆಸಿ, ಮಲಗುವ ಮುಂಚೆ ಇನ್ಸುಲಿನ್ ಸೂಜಿಯಲ್ಲೇ ಚುಚ್ಚಿಕೋ ಅಂತ ಹೇಳಿಕೊಟ್ಟು, ಸಂಜೆ ಬಸ್ಸಿಗೆ ವಾಪಸು ಬಂದೆ.

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಾಗ ಅಕ್ಕನ ಪಕ್ಕದ ಮನೆಯಾಕೆಯ ಫೋನು. ಹಾಲು ಕೊಡಲು ಹೋದರೆ ಅಕ್ಕ ಏಳಲಿಲ್ಲವಂತೆ. ಮೈಯೆಲ್ಲ ಬೆವರು, ಸೀರೆ ಒದ್ದೆ, ಕರೆದರೆ ಏನೇನೋ ಮಾತು. ಆಟೋದಲ್ಲಿ ಹಾಕಿಕೊಂಡು ಸೊರಬದ ಒಂದು ಸಣ್ಣ ನರ್ಸಿಂಗ್ ಹೋಮಿಗೆ ತಂದಿದ್ದಾರೆ. ಬಾಗಿಲನ್ನು ಅರ್ಧಕ್ಕೇ ಬಿಟ್ಟು ಬಾಡಿಗೆ ಕಾರು ಹಿಡಿದೆ.

ನಾನು ಹೋಗುವ ಹೊತ್ತಿಗೆ ಅಕ್ಕನಿಗೆ ಗ್ಲೂಕೋಸ್ ಏರಿತ್ತು, ಕಣ್ಣು ಬಿಟ್ಟಿದ್ದಳು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮಾತು ಕಡಿಮೆ. "ಸಕ್ಕರೆ ಪೂರ್ತಿ ಇಳಿದುಬಿಟ್ಟಿತ್ತು. ಇನ್ನೊಂದು ತಾಸು ತಡ ಆಗಿದ್ರೆ ಏನು ಹೇಳೋಕೂ ಆಗ್ತಿರ್ಲಿಲ್ಲ. ಇನ್ಸುಲಿನ್ ಎರಡು ಸಲ ಹಾಕ್ಕೊಂಡ್ರಾ?" ಅಂತ ಕೇಳುತ್ತಿದ್ದರು. ಅಕ್ಕ ಇಲ್ಲ ಅಂತ ತಲೆಯಾಡಿಸಿ, "ನಿದ್ದೆದೊಂದು ಹಾಕ್ಯಂಡೆ. ನನ್ ತಂಗಿ ಕೊಟ್ಟಿದ್ದು" ಅಂದಳು. ಹೆಮ್ಮೆಯಿಂದಲೇ ಅಂದಳು.

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ಯಾವ ಔಷಧ? ಸೀಸೆ ತನ್ನಿ, ಈಗಲೇ."

ಅದೇ ಕಾರಿನಲ್ಲಿ ಉಳವಿಗೆ ಹೋದೆ. ಪಕ್ಕದ ಮನೆಯಾಕೆ ಬೀಗ ತೆಗೆದಳು. ಒಲೆಯ ಕಟ್ಟೆಯ ಮೇಲೆ, ಉಪ್ಪಿನ ಡಬ್ಬಿಗೆ ಒರಗಿಸಿ ಖಾಲಿ ಸೀಸೆ ನಿಲ್ಲಿಸಿದ್ದಳು ಅಕ್ಕ. ತೊಳೆದು ಏನಕ್ಕಾದರೂ ಆದೀತು ಅಂತ ಇಟ್ಟಿರಬೇಕು. ಯಾವುದನ್ನೂ ಎಸೆಯುವವಳಲ್ಲ. ಹಳದಿ ಮುಚ್ಚಳ, ಬೋಳು ಗಾಜು. ಅದನ್ನು ಕೈಗೆ ತಗೊಂಡಾಗ ನನ್ನ ತಲೆಯೊಳಗೆ ಬಂದದ್ದನ್ನು ಇದ್ದ ಹಾಗೆ ಬರೆಯುತ್ತೇನೆ: ಇದನ್ನು ಕೊಟ್ಟರೆ, ಚೀಟಿ ಇಲ್ಲದ್ದನ್ನು ಯಾಕೆ ಕೊಟ್ಟಿರಿ ಅಂತ ಕೇಳುತ್ತಾರೆ. ಎಲ್ಲಿಂದ ಬಂತು ಅನ್ನುತ್ತಾರೆ. ಕೊಸರು ಅನ್ನಬೇಕಾಗುತ್ತದೆ. ಅಕ್ಕನ ಮುಂದೆ ಅನ್ನಬೇಕಾಗುತ್ತದೆ.

ಹಳದಿಯನ್ನು ಸೆರಗಿನ ಗಂಟಿಗೆ ಕಟ್ಟಿದೆ. ಕೈಚೀಲದಿಂದ ನೀಲಿ ತೆಗೆದು, ಅದರ ಪುಡಿಯನ್ನು ಬಚ್ಚಲಿಗೆ ತೊಳೆದು, ಖಾಲಿ ಸೀಸೆ ಹಿಡಿದುಕೊಂಡು ಸೊರಬಕ್ಕೆ ಬಂದೆ. ಅಷ್ಟು ಹೊತ್ತಿನಲ್ಲೂ ಪುಡಿ ಹಾಳಾಯಿತಲ್ಲ ಅಂತ ಮನಸ್ಸು ಚುರುಕ್ ಅಂದಿತು.

ಡಾಕ್ಟರಮ್ಮ ಚೀಟಿ ಓದಿದರು, ಫೋನಿನಲ್ಲಿ ಹುಡುಕಿದರು. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಇದು ಒಂಬತ್ತು ಮಣಿ ಪೋಣಿಸಿದ ಸರ ಇದ್ದ ಹಾಗೆ. ನಮ್ಮ ಮೈಯಲ್ಲಿ ಇಂಥ ಸರಗಳು ಬೇಕಾದಷ್ಟಿವೆ, ಇದನ್ನ ಲ್ಯಾಬಲ್ಲಿ ಪೋಣಿಸ್ತಾರೆ. ನಿದ್ದೆಗೆ, ಮನಸ್ಸಿನ ಒತ್ತಡಕ್ಕೆ ಆಗುತ್ತಾ ಅಂತ ನೋಡ್ತಾ ಇದಾರೆ ಅಷ್ಟೇ. ಒಬ್ಬರಿಗೆ ಹೌದು ಅನ್ನಿಸಿದ್ದು ಇನ್ನೊಬ್ಬರಿಗೆ ಅಲ್ಲ. ಔಷಧ ಅಂತ ಇನ್ನೂ ಯಾರೂ ಒಪ್ಪಿಲ್ಲ. ನೀವು ಅಂಗಡಿಯವರು, ಇಷ್ಟು ಓದೋಕೆ ಬರಲ್ವಾ?"

"ಬರ್ತದೆ" ಅಂದೆ.

"ಆದ್ರೆ ಇದರಿಂದ ಸಕ್ಕರೆ ಹೀಗೆ ಕುಸಿಯುತ್ತೆ ಅಂತ ನಾನು ಎಲ್ಲೂ ಓದಿಲ್ಲ." ಅಕ್ಕನ ಕಡೆ ತಿರುಗಿದರು. "ಅಜ್ಜೀ, ನೀವೇ ಮರೆತು ಇನ್ಸುಲಿನ್ ಎರಡು ಸಲ ಹಾಕ್ಕೊಂಡಿದೀರಿ. ನಿದ್ದೆ ಇಲ್ಲದವರಿಗೆ ಹೀಗೆ ಮರೆವು ಬರ್ತದೆ. ಸಂಜೆಗೆ ಅದರ ಪ್ರಭಾವ ಮುಗಿಯುತ್ತೆ. ಡ್ರಿಪ್ ತೆಗೆದು ಮನೆಗೆ ಕಳಿಸ್ತೀನಿ."

ಅಕ್ಕ ಒಪ್ಪಿಕೊಂಡಳು. ಒಂದೇ ಸಲ ಚುಚ್ಚಿಕೊಂಡದ್ದು ಅವಳಿಗೆ ಖಂಡಿತ ಗೊತ್ತಿತ್ತು, ಆದರೂ ನನ್ನ ಸೀಸೆಯ ಮೇಲೆ ಅನುಮಾನ ಬರುವ ಬದಲು ತನ್ನ ನೆನಪಿನ ಮೇಲೆ ಬಂತು. ಡಾಕ್ಟರಮ್ಮ ಆಚೆ ಹೋದ ಮೇಲೆ ನನ್ನ ಕೈ ಹಿಡಿದು ಮೆಲ್ಲಗೆ ಅಂದಳು:

"ಮರುವು ಶುರುವಾತು ಕಾಣ್ತದೆ ನಂಗೆ. ಶಾಲೆಯೋರಿಗೆ ಹೇಳ್ಬ್ಯಾಡ ಮಾರಾಯ್ತಿ. ಕೈ ಸುಟ್ಕಂಡಿದ್ದಕ್ಕೇ ಅಷ್ಟು ಅಂದ್ರು. ಮರುವು ಅಂದ್ರೆ ಒಲೆ ಹತ್ರ ಬಿಡ್ತಾರಾ?"

"ಹೇಳಲ್ಲ" ಅಂದೆ. ಸೆರಗಿನ ಗಂಟು ಸೊಂಟಕ್ಕೆ ಒತ್ತುತ್ತಿತ್ತು. ಸಂಜೆ ಡ್ರಿಪ್ ತೆಗೆಯುತ್ತಾರೆ, ಮನೆಯಲ್ಲಿ ಒಬ್ಬಳೇ ಮಲಗುತ್ತಾಳೆ, ಮೈಯೊಳಗೆ ಇರುವುದು ಏನು ಅಂತ ಡಾಕ್ಟರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿಲ್ಲ ಅನ್ನುವುದು ಗೊತ್ತಿದ್ದವಳು ನಾನೊಬ್ಬಳೇ. ಆದರೂ ಮಧ್ಯಾಹ್ನ ಪೂರ್ತಿ ಸುಮ್ಮನೆ ಕೂತೆ. ಪಕ್ಕದ ಮಂಚದ ಹೆಂಗಸಿಗೆ ಬಾಣಂತಿ ಖಾರ ಹೇಗೆ ಕುಟ್ಟಬೇಕು ಅಂತ ಸಲಹೆಯನ್ನೂ ಕೊಟ್ಟೆ. ನನ್ನ ನಾಲಗೆಗೆ ನಾಚಿಕೆ ಅನ್ನುವುದು ಆ ಹೊತ್ತಿಗೂ ತಿಳಿದಿರಲಿಲ್ಲ.

ನಾಲ್ಕರ ಹೊತ್ತಿಗೆ ನರ್ಸು ಡ್ರಿಪ್ ತೆಗೆಯಲು ಬಂದಳು, ಹಿಂದೆಯೇ ಡಾಕ್ಟರಮ್ಮ. ಅಕ್ಕ ತಲೆದಿಂಬಿನಿಂದ ಸ್ವಲ್ಪ ಎದ್ದಳು.

"ಡಾಕ್ಟ್ರಮ್ಮಾ, ಒಂದು ಮಾತು. ನಂದೇನೋ ಮರುವು, ಆದ್ರೂ ಇವಳದ್ದೂ ಸಕ್ಕರೆ ನೋಡಿ ಒಂಚೂರು. ಇವಳೂ ಅದೇ ಔಷಧ ಹಾಕ್ಯಂಡಾಳೆ, ನಂಗಿಂತ ಮೊದ್ಲೇ. ಒಬ್ಬಳೇ ಮಲಗ್ತಾಳೆ. ಕೇಳಿದ್ರೆ ಏನೂ ಇಲ್ಲ ಅಂತಾಳೆ, ಚಿಕ್ಕಂದಿಂದ ಹಿಂಗೇ."

"ಹೌದಾ? ಕೈ ಕೊಡಿ" ಅಂದರು ಡಾಕ್ಟರಮ್ಮ. ನರ್ಸು ನನ್ನ ತೋರುಬೆರಳು ಹಿಡಿದು ಹತ್ತಿಯಲ್ಲಿ ಒರೆಸಿದಳು. ಸೂಜಿ ಹತ್ತಿರ ಬಂತು.

"ನಾನು ಹಾಕ್ಕೊಂಡಿಲ್ಲ" ಅಂದೆ.

ನರ್ಸು ನಿಂತಳು. ಅಕ್ಕ ನನ್ನನ್ನೇ ನೋಡಿದಳು.

"ಹಾಲಿನವನು ಬಂದು ಹೋಗಿದ್ದ ಅಂದ್ಯಲ್ಲೇ?"

ಇನ್ನೊಂದು ಕೈಯಲ್ಲಿ ಸೆರಗಿನ ಗಂಟು ಬಿಚ್ಚಿದೆ. ಗಂಟು ಬೇಗ ಬಿಚ್ಚಲಿಲ್ಲ, ಹಲ್ಲು ಹಚ್ಚಬೇಕಾಯಿತು. ಹಳದಿ ಸೀಸೆಯನ್ನು ಮಂಚದ ಮೇಲಿಟ್ಟೆ. "ಅಕ್ಕ ಹಾಕ್ಕೊಂಡಿದ್ದು ಇದು. ಬೆಳಿಗ್ಗೆ ನಾ ತಂದಿದ್ದು ಬೇರೆ. ಇದಕ್ಕೆ ಚೀಟಿ ಇರ್ಲಿಲ್ಲ. ಇದು... ನಾಲ್ಕು ತಗೊಂಡಿದ್ದಕ್ಕೆ ಕೊಸರಿಗೆ ಬಂದಿದ್ದು."

ಡಾಕ್ಟರಮ್ಮ ಸೀಸೆ ಎತ್ತಿ ನೋಡಿ, ನರ್ಸಿಗೆ, "ಡ್ರಿಪ್ ಮುಟ್ಟಬೇಡ. ತಾಸಿಗೊಮ್ಮೆ ಸಕ್ಕರೆ ನೋಡು, ಬೆಳಗಿನವರೆಗೂ" ಅಂದರು. ನನಗೆ ಒಂದೇ ಮಾತು ಅಂದರು: "ಇದನ್ನ ಬೆಳಿಗ್ಗೆ ಕೊಡೋಕೆ ಏನಾಗಿತ್ತು?" ಉತ್ತರಕ್ಕೆ ಕಾಯದೆ ಹೊರಗೆ ಹೋದರು.

ಅಕ್ಕ ಸೀಲಿಂಗಿನ ಕಡೆ ನೋಡುತ್ತಾ ಕೇಳಿದಳು:

"ನಾಲ್ಕು ನಿಂಗೆ, ಕೊಸರು ನಂಗಾ?"

"ಹೂಂ."

"ನಂಗೇನಾಗ್ತದೆ ನೋಡ್ಕಂಡು ಆಮೇಲೆ ನೀ ಹಾಕ್ಯಣದು ಅಂತಿತ್ತಾ?"

ಆ ಪ್ರಶ್ನೆಯನ್ನು ನನಗೆ ನಾನೇ ಅಲ್ಲಿವರೆಗೆ ಕೇಳಿಕೊಂಡಿರಲಿಲ್ಲ. ಅವಳು ಕೇಳಿದ ಕೂಡಲೇ ಉತ್ತರ ಮೊದಲಿಂದ ಒಳಗೆ ಕೂತಿತ್ತು ಅಂತ ತಿಳಿಯಿತು. ಬಿಚ್ಚಿದ ಸೆರಗಿನ ತುದಿಯನ್ನು ಮಡಚತೊಡಗಿದೆ. ಅಕ್ಕ "ಓಹೋ" ಅಂದು ಗೋಡೆ ಕಡೆ ಹೊರಳಿದಳು.

ದೀಪ ಹಚ್ಚುವ ಹೊತ್ತಿಗೆ ಸಕ್ಕರೆ ಮತ್ತೆ ಇಳಿಯಿತು, ಬೆಳಗಿನಷ್ಟೇ. ನರ್ಸು ನೋಡುತ್ತಲೇ ಇದ್ದಳಾದ್ದರಿಂದ ಕೂಡಲೇ ಹಿಡಿದರು. ಡ್ರಿಪ್ ತೆಗೆದು ಮನೆಗೆ ಕಳಿಸಿದ್ದರೆ ಆ ಹೊತ್ತಿಗೆ ಅಕ್ಕ ಉಳವಿಯ ಮನೆಯಲ್ಲಿ, ಬಾಗಿಲು ಹಾಕಿಕೊಂಡು, ತನಗೆ ಮರೆವು ಬಂತು ಅಂತ ಅಳುತ್ತಾ ಮಲಗಿರುತ್ತಿದ್ದಳು. ಎರಡನೇ ದಿನಕ್ಕೆ ಸರಿಹೋಯಿತು. ಮರೆವೂ ಇಲ್ಲ, ಎಂಥದೂ ಇಲ್ಲ ಅಂತ ಡಾಕ್ಟರಮ್ಮ ಅವಳ ಮುಂದೆಯೇ ಹೇಳಿದರು. ಶಾಲೆಗೆ ಒಂದು ಚೀಟಿ ಬರೆದುಕೊಟ್ಟರು, ಮೈ ಹುಷಾರಿರಲಿಲ್ಲ ಅಂತ ಮಾತ್ರ. ಚೀಟಿಯನ್ನು ಅಕ್ಕ ಎರಡು ಸಲ ಓದಿಸಿ ಕೇಳಿದಳು. ನನ್ನ ಹತ್ತಿರ ಅಲ್ಲ, ನರ್ಸಿನ ಹತ್ತಿರ.

ಆ ಸೀಸೆಯೊಳಗೆ ಇದ್ದದ್ದು ಏನು ಅಂತ ಇವತ್ತಿಗೂ ತಿಳಿದಿಲ್ಲ. ಸಕ್ಕರೆ ಇಳಿಸುವ ಬೇರೆ ಯಾವುದೋ ಇರಬೇಕು, ಮೈ ಬೆಳೆಸುವವರು ಅಂಥವನ್ನೂ ಚುಚ್ಚಿಕೊಳ್ಳುತ್ತಾರೆ ಅಂದರು ಡಾಕ್ಟರಮ್ಮ. ಉಳಿದ ಮೂರು ನೀಲಿಗಳನ್ನೂ ಅವರಿಗೇ ಒಪ್ಪಿಸಿದೆ. ಜಿಮ್ಮಿನವನ ಹತ್ತಿರ ಹೋಗಿ ಬಾಯಿಗೆ ಬಂದ ಹಾಗೆ ಬೈದೆ. ಎಲ್ಲ ಕೇಳಿಸಿಕೊಂಡು ಅವನು ಅಂದದ್ದು ಇಷ್ಟೇ: "ನಾ ಮಾರಿದ್ದು ನಾಲ್ಕು ರೀ ಅಕ್ಕಾರೆ. ಐದನೇದು ಕೇಳಿದ್ದು ನೀವು." ಮೋಸಗಾರನ ಮಾತು ಅಂತ ತಳ್ಳಿಹಾಕಬಹುದು. ಆದರೆ ನಾನು ಕೊಸರಿಗೆ ಕೊಟ್ಟ ಜಾಲರಿ ಹರಿಯಿತು ಅಂತ ಬಂದವರಿಗೆ ಇಷ್ಟು ವರ್ಷ ಹೇಳಿದ್ದೂ ಅದೇ ಮಾತನ್ನು, ಅದೇ ದನಿಯಲ್ಲಿ.

ಇದನ್ನು ಓದುವವರಿಗೆ ಒಂದು ಸಲಹೆ ಕೊಡಬೇಕು ಅಂತ ಕೈ ತುರಿಸುತ್ತದೆ, ಅಭ್ಯಾಸ ನೋಡಿ. ನಿದ್ದೆ ಬರದಿದ್ದರೆ ಡಾಕ್ಟರ ಹತ್ತಿರ ಹೋಗಿ, ಮನುಷ್ಯರಿಗಲ್ಲ ಅಂತ ಬರೆದಿದ್ದರೆ ಮನುಷ್ಯರಿಗಲ್ಲ ಅಂತಲೇ ಅರ್ಥ. ಇದು ಚಿಕ್ಕ ಮಕ್ಕಳಿಗೂ ಗೊತ್ತಿರುವುದು. ನನಗೆ ಸಲಹೆ ಕೊಡುವ ಯೋಗ್ಯತೆ ಉಳಿದಿರುವುದು ಪಾತ್ರೆಯ ವಿಷಯದಲ್ಲಿ ಮಾತ್ರ. ಚೀಟಿಯ ಸುರುಳಿಯನ್ನು ಒಲೆಗೆ ಹಾಕಿದೆ. ಕೊಸರಿನ ಬುಟ್ಟಿ ಇನ್ನೂ ಇದೆ. ತೆಗೆದುಬಿಡೋಣ ಅಂದುಕೊಂಡೆ, ಗಿರಾಕಿಗಳು ಬಿಡಲಿಲ್ಲ. ಈಗ ಅದರಲ್ಲಿ ಇಡುವುದನ್ನು ಮೊದಲು ನೆಟ್ಟಗೆ ನೋಡಿ ಇಡುತ್ತೇನೆ ಅಷ್ಟೇ. ಅದೇನು ದೊಡ್ಡ ಪ್ರಾಯಶ್ಚಿತ್ತವಲ್ಲ.

ಅಕ್ಕ ಮಾತು ಬಿಡಲಿಲ್ಲ. ಬಿಡಬಹುದಿತ್ತು. ಈಗ ಸೊರಬದಲ್ಲೇ ನಿದ್ದೆಗೆ ತೋರಿಸಿಕೊಳ್ಳುತ್ತಿದ್ದಾಳೆ, ಮಧ್ಯಾಹ್ನದ ಟೀ ಬಿಟ್ಟಿದ್ದಾಳೆ, ಒಂದಷ್ಟು ನಿದ್ದೆ ಬರುತ್ತದಂತೆ. ಶಾಲೆಯ ಒಲೆ ಅವಳ ಕೈಯಲ್ಲೇ ಇದೆ. ಹೋದ ತಿಂಗಳು ಚಂದ್ರಗುತ್ತಿಗೆ ಹೋಗಿ ಬರುವಾಗ ಉಳವಿಯಲ್ಲಿ ಇಳಿದೆ. ಅವಳಿಗಂತ ಬೆಲ್ಲ ಕಡಿಮೆ ಹಾಕಿದ ಎಳ್ಳುಂಡೆಯನ್ನು ನಾನೇ ಮಾಡಿ ಒಯ್ದಿದ್ದೆ. ಭಾವನೂ ಮನೆಯಲ್ಲಿದ್ದರು. ಡಬ್ಬಿ ತೆಗೆದು ಅವಳ ಮುಂದೆ ಹಿಡಿದೆ.

ಅಕ್ಕ ಒಂದು ಉಂಡೆ ಎತ್ತಿದಳು. ಬಾಯಿಗೆ ಹಾಕಲಿಲ್ಲ. ಎರಡು ಹೋಳು ಮಾಡಿ, ಒಂದನ್ನು ನನ್ನ ಕಡೆ ಚಾಚಿದಳು.

"ಮೊದ್ಲು ನೀ ತಿನ್ನು."

ಭಾವ ನಕ್ಕರು. ಅವಳೂ ನಗುತ್ತಲೇ ಹೇಳಿದ್ದು. ಆದರೆ ನಾನು ಅಗಿದು ನುಂಗುವವರೆಗೂ ಅವಳ ಕೈಯಲ್ಲಿದ್ದ ಹೋಳು ಅಲ್ಲೇ ಇತ್ತು. ನುಂಗಿದ್ದನ್ನು ನೋಡಿಕೊಂಡು ತಾನೂ ತಿಂದಳು, "ಏಲಕ್ಕಿ ಜಾಸ್ತಿ ಆತು" ಅಂದಳು. ಪ್ರತಿ ಸಲವೂ ಹಾಗೇ, ಬಾಳೆಹಣ್ಣು ಒಯ್ದರೂ. ನಾನೂ ಈಗ ಅವಳು ಹೇಳುವ ಮುಂಚೆಯೇ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಳ್ಳುತ್ತೇನೆ.